ಬೇಲಿಯಿಲ್ಲದ ಹೊಲಗಳ ಊರು ಲ್ಯಾಕ್ಸ್‌ಟನ್

ಆತ್ಮೀಯರೇ,

ಇಂಗ್ಲೆಂಡಿನ ಹಳ್ಳಿ ಎಂದೊಡನೆ ಗಿಡಗಂಟಿಯ ಬೇಲಿಗಳ ನಡುವೆ ಹಂಚಿಹೋದ ಹಸಿರು ಹೊಲಗಳು ನಿಮ್ಮ ಕಣ್ಣಮುಂದೆ ಬರಬಹುದು. ಆ ನಾಡಿನ ನಡುಭಾಗದಲ್ಲಿ ಈ ಬೇಲಿಗಳಲ್ಲಿ ಬಹುಪಾಲು ಈಚಿನವು. 1604ರಿಂದ 1914ರವರೆಗೆ ಪಾರ್ಲಿಮೆಂಟು ಸಾವಿರಾರು ಕಾಯ್ದೆಗಳನ್ನು ಮಾಡಿ ಸುಮಾರು 68 ಲಕ್ಷ ಎಕರೆಗೆ ಬೇಲಿ ಹಾಕಿಸಿತು. ಊರ ಹುಲ್ಲುಗಾವಲನ್ನೇ ನಂಬಿ ಒಂದೆರಡು ಹಸು ಕಟ್ಟಿಕೊಂಡಿದ್ದ ಬಡವರು ಆಗ ಮೇವಿನ ನೆಲ ಕಳೆದುಕೊಂಡರು. ಈ ಅಲೆಗೆ ಸಿಕ್ಕದೆ ಉಳಿದ ಊರು ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್‌ಟನ್.

ಕೆಂಪು ಜೇಡಿಮಣ್ಣಿನ ಸೀಮೆ ಅದು. ಮಳೆ ಬಂದರೆ ಕಾಲಿಗೆ ಮೆತ್ತಿಕೊಳ್ಳುವ, ಉಳಲು ಬಲ ಬೇಡುವ ಮಣ್ಣು. ರೈತರ ಮನೆಗಳು ಊರಬೀದಿಯಲ್ಲೇ ಇವೆ. ಹಿಂದೆ ಹಿತ್ತಿಲು, ಆಚೆಗೆ ಹೊಲ. ಊರಿನ ಉತ್ತರಕ್ಕೆ, 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲದ ಕೋಟೆಯ ಮಣ್ಣಿನ ದಿಬ್ಬ ಇಂದಿಗೂ ಎದ್ದು ಕಾಣುತ್ತದೆ. ಇಂಗ್ಲೆಂಡಿನ ಜಮೀನುಗಳ ಲೆಕ್ಕ ಬರೆದಿಟ್ಟ 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಈ ಊರಿನ ಹೆಸರಿದೆ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಬರೆದ ನಕ್ಷೆಯಂತೂ ಅಪರೂಪದ್ದು. ಪಟ್ಟೆ ಪಟ್ಟೆಯಾಗಿ ಪ್ರತಿಯೊಂದು ಹಿಡುವಳಿಯನ್ನೂ ಗುರುತಿಸಿ, ಉಳುವವರನ್ನೂ ಕೊಯ್ಯುವವರನ್ನೂ ಅದರಲ್ಲಿ ಚಿತ್ರಿಸಿದ್ದಾನೆ. ಅದೀಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಎಂಬ ಮೂರು ದೊಡ್ಡ ಹೊಲಗಳು ಊರಿಗಿವೆ. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮೂರನೆಯದು ಬೀಳು. ವರ್ಷ ವರ್ಷವೂ ಸರದಿ ಬದಲಾಗುತ್ತದೆ. ಒಬ್ಬ ರೈತನ ಪಟ್ಟೆಗಳು ಮೂರೂ ಹೊಲಗಳಲ್ಲಿ ಚದುರಿರುತ್ತವೆ. ಹೀಗಾಗಿ ಒಳ್ಳೆಯ ನೆಲವೂ ಕೆಟ್ಟ ನೆಲವೂ ಹಲವರ ಪಾಲಿಗೆ ಬರುತ್ತವೆ. ಉಳಲಾಗದ ತಗ್ಗುಗಳಲ್ಲಿ ಹುಲ್ಲು ಬೆಳೆಯಲು ಬಿಡುತ್ತಾರೆ. ನೇಗಿಲು ಕಾಣದ ಆ ತಗ್ಗುಗಳಲ್ಲಿ ಬೇರೆಡೆ ಅಳಿದುಹೋದ ಕಾಡುಹೂಗಳು ಉಳಿದಿವೆ.

ಬೇಲಿಯಿಲ್ಲದ ಕಡೆ ಒತ್ತುವರಿ ಆಗದೇ ಇದ್ದೀತೇ? ಅದಕ್ಕೆಂದೇ ‘ಕೋರ್ಟ್ ಲೀಟ್’ ಎಂಬ ಊರ ನ್ಯಾಯಸಭೆಯಿದೆ. ನವೆಂಬರ್ ಕೊನೆಯಲ್ಲಿ ಪಂಚರಾಗಿ ಆಯ್ಕೆಯಾದ ರೈತರು ಗೋಧಿ ಬಿತ್ತಿದ ಹೊಲವನ್ನು ಸುತ್ತುತ್ತಾರೆ. ಯಾರಾದರೂ ಹಾದಿಯನ್ನೋ ಹುಲ್ಲುನೆಲವನ್ನೋ ಸ್ವಲ್ಪ ಉತ್ತುಕೊಂಡಿದ್ದರೆ, ಸರಿಯಾದ ಗಡಿಗೆ ಗೂಟ ಬಡಿಯುತ್ತಾರೆ. ಮುಂದಿನ ವಾರ ಊರಿನ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಸಭೆ ಸೇರಿ ದಂಡ ಹಾಕುತ್ತಾರೆ. ದಂಡ ಸಣ್ಣದು, ನೆರೆಯವರೆಲ್ಲರ ಎದುರು ಹೆಸರು ಕೂಗಿಸಿಕೊಳ್ಳುವುದು ಸಣ್ಣದಲ್ಲ. ಮುಕ್ತ ಹೊಲಗಳ ತುಣುಕುಗಳು ಇಂಗ್ಲೆಂಡಿನಲ್ಲಿ ಬೇರೆಡೆಯೂ ಇವೆ, ಆದರೆ ಅವನ್ನು ಆಳುವ ಸಭೆಯೂ ಜೀವಂತವಾಗಿರುವುದು ಇಲ್ಲಿ. ಊರು ಉಳಿದದ್ದಕ್ಕೆ ಈ ಸಭೆಯೇ ಮುಖ್ಯ ಕಾರಣವೆಂದು ನನ್ನ ನಂಬಿಕೆ.

ಅದೃಷ್ಟದ ಪಾಲೂ ಇತ್ತು. ಜಮೀನು ಬಹುಕಾಲ ಎರಡು ದೊಡ್ಡ ಮನೆತನಗಳ ನಡುವೆ ಹೆಣೆದುಕೊಂಡಿತ್ತು. ಬೇಲಿ ಹಾಕಲು ಅವರಿಬ್ಬರಿಗೂ ಹೊಂದಾಣಿಕೆ ಆಗಲಿಲ್ಲ. ಕೊನೆಗೆ ಅವುಗಳಲ್ಲೊಂದು ಮನೆತನದ ಒಡೆಯ ಅರ್ಲ್ ಮ್ಯಾನ್ವರ್ಸ್ 1952ರಲ್ಲಿ ಊರನ್ನು ಕೃಷಿ ಸಚಿವಾಲಯಕ್ಕೆ ಮಾರಿದರು. 1981ರಲ್ಲಿ ಅದು ರಾಜಪಟ್ಟದ ಹೆಸರಿನ ಆಸ್ತಿ ನೋಡಿಕೊಳ್ಳುವ ಸಂಸ್ಥೆಯಾದ ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ಮ್ಯಾನ್ವರ್ಸ್ ಮನೆತನದ ಥೋರ್ಸ್‌ಬಿ ಎಸ್ಟೇಟಿಗೇ ಮರಳಿತು. ಒಡೆಯರು ಬದಲಾದರೂ ಪದ್ಧತಿ ನಡೆದುಬಂದಿದೆ. ನನಗೆ ಆತಂಕವಿರುವುದು ರೈತರ ಬಗ್ಗೆ. ಇಂದಿನ ದೊಡ್ಡ ಯಂತ್ರಗಳಿಗೆ ಕಿರಿದಾದ ಪಟ್ಟೆಗಳು ಒಗ್ಗುವುದಿಲ್ಲ, ಒಬ್ಬ ರೈತ ಬೇಸಾಯ ಬಿಟ್ಟಾಗಲೆಲ್ಲ ಪಂಚರಾಗಿ ಗೂಟ ಬಡಿಯಬಲ್ಲವರಲ್ಲೂ ಒಬ್ಬರು ಕಡಿಮೆಯಾಗುತ್ತಾರೆ.