ಒಂದು ‘ಸ್ತ್ರೀ’ ಸರಿಯಾಗಲು ನಾನು ಸಹಾಯ ಕೇಳಿದ ಬಗೆ

ನಮಸ್ಕಾರ. ಈಗ ನೀವು ನೋಡುತ್ತಿರುವುದು ನಮ್ಮಮ್ಮನ ಸ್ತ್ರೀಶಕ್ತಿ ಸಂಘದವರ ಅಡುಗೆ ಪುಸ್ತಕ. 32 ಪುಟ. ಪತ್ರೊಡೆ, ತಂಬುಳಿ, ಅಪ್ಪೆಹುಳಿ, ಎಲ್ಲಾ ನಮ್ಮ ಸಾಗರದ ಕಡೆಯವೇ. 2019ರಲ್ಲಿ ಇದರ ಪುಟಗಳನ್ನು ನಾನೇ ಜೋಡಿಸಿದ್ದು.

ಪ್ರೆಸ್ಸಿನವರು ಸಿಎಂವೈಕೆ, ಅಂದರೆ ಮುದ್ರಣದ ನಾಲ್ಕು ಶಾಯಿಗಳ ಲೆಕ್ಕದಲ್ಲಿ ಬಣ್ಣ ಇರುವ, ಪಿಡಿಎಫ್ ಬೇಕು ಅಂದರು. ಬರಹ ಟೈಪ್ ಮಾಡುವ ಓಪನ್ ಸೋರ್ಸ್ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ಅದು ಆಗುವುದಿಲ್ಲ. ಹಾಗಾಗಿ ಪುಟ ಜೋಡಿಸುವ ತಂತ್ರಾಂಶ ಸ್ಕ್ರೈಬಸ್ ಹಾಕಿಕೊಂಡೆ, ಅದೂ ಓಪನ್ ಸೋರ್ಸ್. ಬರಹ ತಂದು ಪೇಸ್ಟ್ ಮಾಡಿದರೆ ಅಕ್ಕಿ ಹೋಗಿ ಅಕ್‌ಕಿ ಆಯ್ತು, ಬೆಲ್ಲ ಬೆಲ್‌ಲ ಆಯ್ತು. ಮುಖಪುಟದ ಮೇಲೆ ದೊಡ್ಡದಾಗಿ ಸ್‌ತ್‌ರೀಶಕ್‌ತಿ. ಅಮ್ಮ ಹಿಂದೆ ನಿಂತು, ‘ಇದನ್ನ ಹ್ಯಾಗೋ ಓದೋದು?’ ಅಂದಳು.

ಗೊತ್ತಿದ್ದವರು ಸುಮ್ನೆ ಹಳೇ ನುಡಿ ಫಾಂಟ್ ಹಾಕು ಅಂದರು. ಆ ಫಾಂಟ್‌ಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಕಾಗದದ ಮೇಲೆ ಚೆನ್ನಾಗಿಯೇ ಬರುತ್ತದೆ, ಆದರೆ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿದರೆ ಅರ್ಥವಿಲ್ಲದ ಚಿಹ್ನೆಗಳು ಸಿಗುತ್ತವೆ. ಫೋನಿನಲ್ಲಿ ಯಾರಾದರೂ ತಂಬುಳಿ ಅಂತ ಹುಡುಕಿದರೆ ಸಿಗಬೇಕು ಅಲ್ವಾ? ನನಗೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಯೂನಿಕೋಡೇ ಬೇಕಿತ್ತು.

ಹಾಗಾಗಿ ಸ್ಕ್ರೈಬಸ್‌ನವರ ಐಆರ್‌ಸಿಗೆ, ಅಂದರೆ ಬರೀ ಬರಹದ ಹಳೇ ಥರದ ಗುಂಪು ಚಾಟ್‌ಗೆ, ಹೋದೆ. ಬೆಳಿಗ್ಗೆ 10 ಗಂಟೆ. ‘ಕನ್ನಡ ಸರಿಯಾಗಿ ಬರುತ್ತಿಲ್ಲ, ಅರ್ಜೆಂಟ್, ಸಹಾಯ ಮಾಡಿ’ ಅಂತ ಹಾಕಿ, ಹತ್ತು ನಿಮಿಷ ಕಾದು, ಮುಚ್ಚಿಬಿಟ್ಟೆ. ಐಆರ್‌ಸಿಯಿಂದ ಹೊರಗೆ ಬಂದ ಮೇಲೆ ಅಲ್ಲಿ ಯಾರು ಏನು ಬರೆದರೂ ನಮಗೆ ತಲುಪುವುದಿಲ್ಲ. ನಮ್ಮ 10 ಗಂಟೆಗೆ ಯುರೋಪಿನಲ್ಲಿ ಇನ್ನೂ ಬೆಳಗಾಗುತ್ತಿರುತ್ತದೆ. ತಮ್ಮ ಕೆಲಸ ಮುಗಿಸಿ, ಊಟ ಮಾಡಿ, ಸಂಬಳವಿಲ್ಲದೆ ಕೂತು ಉತ್ತರ ಬರೆಯುವ ಜನ ಅವರು. ಅವರಿಗೆ ನಾನು ಹತ್ತು ನಿಮಿಷ ಕೊಟ್ಟಿದ್ದೆ.

ರಾತ್ರಿ ಮತ್ತೆ ಬರೆದೆ. ಈ ಸಲ ಪ್ರಶ್ನೆ ಬರೆಯುವುದಕ್ಕೇ ಒಂದು ಗಂಟೆ ಹಿಡಿಯಿತು. ಓದುವವರಿಗೆ ಕನ್ನಡ ಬರುವುದಿಲ್ಲ, ಅವರ ಕಣ್ಣಿಗೆ ಸರಿ ಇರುವ ಸ್ತ್ರೀಯೂ ಒಡೆದ ಸ್ತ್ರೀಯೂ ಒಂದೇ ಥರ. ಹಾಗಾಗಿ 32 ಪುಟ ಬದಿಗಿಟ್ಟು, ಆ ಒಂದೇ ಅಕ್ಷರ ಇರುವ ಫೈಲ್ ಮಾಡಿದೆ. ಸ, ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು), ತ, ಹಲಂತ, ರ, ಕೊನೆಗೆ ದೀರ್ಘ ಈಕಾರದ ಗುರುತು, ಒಟ್ಟು ಆರು ಯೂನಿಕೋಡ್ ಸಂಕೇತ ಸೇರಿ ಒಂದೇ ಆಕಾರ ಆಗಬೇಕು ಅಂತ ವಿವರಿಸಿದೆ. ಎಡಗಡೆ ಲಿಬ್ರೆಆಫೀಸ್‌ನಲ್ಲಿ ಬಂದ ಚಿತ್ರ, ಬಲಗಡೆ ಸ್ಕ್ರೈಬಸ್‌ನದು. ಕೆಳಗೆ ನನ್ನ ಕಂಪ್ಯೂಟರಿನ ವ್ಯವಸ್ಥೆ ಉಬುಂಟು 18.04, ಸ್ಕ್ರೈಬಸ್ ಆವೃತ್ತಿ 1.4, ಫಾಂಟ್ ಲೋಹಿತ್ ಕನ್ನಡ. ನೋಟೋ ಫಾಂಟ್ ಹಾಕಿದರೂ ಹೀಗೇ ಆಗುತ್ತದೆ ಅಂತ ಇನ್ನೊಂದು ಸಾಲು.

ನನ್ನ ಇಂಗ್ಲಿಷ್‌ನಲ್ಲಿ ತಪ್ಪುಗಳಿದ್ದವು. ಒಬ್ಬರೂ ಆ ಮಾತೆತ್ತಲಿಲ್ಲ. ಭಾಷೆಗೆ ಹೆದರಿ ಕೇಳದೇ ಕೂತಿದ್ದರೆ ದಯವಿಟ್ಟು ಕೇಳಿ, ಚಿತ್ರ ಮತ್ತು ಆವೃತ್ತಿಯ ನಂಬರ್ ಇದ್ದರೆ ಅವರಿಗೆ ಬೇಕಾದದ್ದು ಸಿಕ್ಕಿಬಿಡುತ್ತದೆ.

ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು. ಎರಡು ಫಾಂಟ್‌ನಲ್ಲೂ ಹೀಗೇ ಅಂದಮೇಲೆ ತಪ್ಪು ಫಾಂಟ್‌ನದಲ್ಲ, 1.4ಕ್ಕೆ ಒತ್ತಕ್ಷರ ಕೂಡಿಸಲು ಬರುವುದೇ ಇಲ್ಲ ಅಂದರು. 2017ರ 1.5.3ರಲ್ಲಿ ಹಾರ್ಫ್‌ಬಜ್ ಸೇರಿಸಿದ್ದಾರಂತೆ. ಸಂಕೇತಗಳನ್ನು ಓದಿ, ಫಾಂಟ್‌ನ ನಿಯಮ ನೋಡಿ, ಯಾವ ಆಕಾರ ಎಲ್ಲಿ ಕೂರಬೇಕು ಅಂತ ತೀರ್ಮಾನಿಸುವುದು ಅದರ ಕೆಲಸ. ಲಿಬ್ರೆಆಫೀಸ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಫೋನ್, ಎಲ್ಲದರಲ್ಲೂ ಇದೆ. ಆಗ 1.5 ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಅದರಲ್ಲಿ ಸೇವ್ ಮಾಡಿದ ಫೈಲ್ 1.4ರಲ್ಲಿ ತೆರೆಯುವುದಿಲ್ಲ, ಮೊದಲೇ ಒಂದು ಕಾಪಿ ಇಟ್ಟುಕೊಳ್ಳಿ ಅಂತಲೂ ಎಚ್ಚರಿಸಿದರು. ಈಗ ಪರೀಕ್ಷೆಯ ಆವೃತ್ತಿ ಹಾಕಿಕೊಳ್ಳಬೇಕಾದ ತೊಂದರೆ ಇಲ್ಲ, 2024ರ ಜನವರಿಯಲ್ಲಿ ಸ್ಥಿರ ಆವೃತ್ತಿ 1.6 ಬಂದಿದೆ.

1.5ರ ಆಪ್‌ಇಮೇಜ್, ಅಂದರೆ ಇನ್‌ಸ್ಟಾಲ್ ಮಾಡದೇ ನೇರ ತೆರೆಯುವ ಫೈಲ್, ಇಳಿಸಿಕೊಂಡು ತೆರೆದೆ. ಸ್ತ್ರೀಶಕ್ತಿ. ಸರಿಯಾಗಿ ಕೂತಿತ್ತು. ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ಸರಿಹೋಯಿತು, ಇಂಥದ್ದರಿಂದ ಸರಿಹೋಯಿತು ಅಂತ ಬರೆದೇ ಚಾಟ್ ಮುಚ್ಚಿದ್ದು. ಪುಸ್ತಕ ಬಂದ ಮೇಲೆ ತೋರಿಸಿ ಅಂದಿದ್ದರು, ಮುಖಪುಟದ ಫೋಟೋ ಕಳಿಸಿದೆ. ‘ಇದರಲ್ಲಿ ನಾವು ಸರಿಮಾಡಿದ ಅಕ್ಷರ ಯಾವುದು?’ ಅಂತ ಕೇಳಿದರು. ನೋಡಿ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಅವರಿಗೆ ಕಳಿಸಿದ ಪ್ರತಿ ಇದೇ.