ಎರಡು ಗಂಟೆ ಹಾರಾಟ, ಮೂರು ಟಾರ್ಪಿಡೋ ಪುಡಿಪುಡಿ

ಟೇಕಾಫ್ ನೋಡಿದಿರಲ್ಲ. ಚಕ್ರ ಒಳಗೆ ಎಳೆಯೋದು ಮರೆತಿದ್ದನ್ನೂ ನೋಡಿದಿರಿ, ಆ ಮಾತು ಬೇಡ. ಇವತ್ತು ಈ ಯುದ್ಧವಿಮಾನದ ಗೇಮ್‌ನಲ್ಲಿ ನನ್ನ ವಿಮಾನ ಡಿವಾಸ್ಟೇಟರ್, ಎರಡನೇ ಮಹಾಯುದ್ಧದ ಅಮೆರಿಕನ್ ವಿಮಾನ. ಹೊಟ್ಟೆಯಡಿ ನೇತಾಡುತ್ತಿರುವುದು ಮಾರ್ಕ್ 13 ಟಾರ್ಪಿಡೋ, ಅಂದರೆ ನೀರೊಳಗೆ ಓಡಿ ಹೋಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ.

ಈಗ ನನ್ನ ಗೋಳು ಕೇಳಿ. 40 ನಿಮಿಷ ಬರೀ ನೀರಿನ ಮೇಲೆ ಹಾರಿದೆ, ಎಡಿಟ್‌ನಲ್ಲಿ ನಿಮಗೆ 4 ಸೆಕೆಂಡು. ಹಡಗು ಸಿಕ್ಕಿತು, ಪಕ್ಕದಿಂದ ನುಗ್ಗಿದೆ, ಟಾರ್ಪಿಡೋ ಬಿಟ್ಟೆ. ನೀರಿಗೆ ಬಿದ್ದದ್ದೇ ಪುಡಿಪುಡಿ. ಮಿಷನ್ ಮತ್ತೆ ಮೊದಲಿಂದ. ಮತ್ತೆ 40 ನಿಮಿಷ, ಮತ್ತೆ ಪುಡಿ. ಮೂರನೇ ಸಲ ಮೇಜು ಗುದ್ದಿದೆ. ಆಗ ಕೇಳಿಸಿದ ಸದ್ದು ಬಾಂಬ್ ಅಲ್ಲ, ಅದು.

ಗೇಮ್ ಮಾಡಿದವರಿಗೆ ಮನಸಾರೆ ಬೈದೆ. ಆಮೇಲೆ ರಿಪ್ಲೇ ನಿಲ್ಲಿಸಿ ನೋಡಿದರೆ ವೇಗದ ಮುಳ್ಳು 130 ನಾಟ್ ಮೇಲೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್), ಎತ್ತರ 120 ಅಡಿ. ಯುದ್ಧದ ಶುರುವಿನಲ್ಲಿ ಈ ಟಾರ್ಪಿಡೋ ಬಿಡಬೇಕಿದ್ದದ್ದು 50 ಅಡಿಯಿಂದ, 110 ನಾಟ್‌ನಲ್ಲಿ. ಎದುರಿಂದ ಗುಂಡು ಬರುತ್ತಿರುವಾಗ, ಆ ನಿಧಾನದಲ್ಲಿ, ಅಲುಗಾಡದೆ! 1942ರ ಜೂನ್ 4, ಪೆಸಿಫಿಕ್ ಸಾಗರದಲ್ಲಿ ಅಮೆರಿಕ-ಜಪಾನ್ ನಡುವಿನ ಮಿಡ್‌ವೇ ಕದನ. ಹಾರ್ನೆಟ್ ಅನ್ನೋ ಅಮೆರಿಕದ ವಿಮಾನವಾಹಕ ಹಡಗಿನಿಂದ ಹೊರಟ ಟಾರ್ಪಿಡೋ ಸ್ಕ್ವಾಡ್ರನ್ 8 ಎಂಬ ತಂಡದ 15 ಡಿವಾಸ್ಟೇಟರ್ ವಿಮಾನಗಳಲ್ಲಿ ಒಂದೂ ವಾಪಸ್ ಬರಲಿಲ್ಲ. 30 ಜನರಲ್ಲಿ ಬದುಕಿದವನು ಜಾರ್ಜ್ ಗೇ ಒಬ್ಬನೇ. ಸರಿ, ಬೈದದ್ದು ವಾಪಸ್.

ಈ ಅಲೆಗಳನ್ನು ನೋಡಿ, ಎಷ್ಟು ಚೆಂದ ಅಲ್ವಾ? ಹಿಂದೆ ಗುಂಯ್ ಅನ್ನುತ್ತಿರುವುದು ಎಂಜಿನ್ ಅಲ್ಲ, ನನ್ನ ಕಂಪ್ಯೂಟರ್ ಫ್ಯಾನ್. ಅದಕ್ಕೆ ಎಣ್ಣೆ ಬಿಡಬೇಕು ಅಂತ... ಅಯ್ಯೋ, ಹಡಗು ಬಂತು.

ಬೈಗುಳ ಪೂರ್ತಿ ವಾಪಸ್ ಇಲ್ಲ. ಈ ಹಡಗು ಸುಮ್ನೆ ಗೆರೆ ಎಳೆದ ಹಾಗೆ ಹೋಗುತ್ತಿದೆ. ಟಾರ್ಪಿಡೋ ಓಟ ಸುಮಾರು 33 ನಾಟ್, ಹಡಗಿನದು 30. ಒಂದು ಕಿಲೋಮೀಟರ್ ದೂರಕ್ಕೆ ಹತ್ತಿರ ಒಂದು ನಿಮಿಷ ಬೇಕು, ಅಷ್ಟರಲ್ಲಿ ಹಡಗು 900 ಮೀಟರ್ ಮುಂದೆ. ನಿಜವಾದ ಕ್ಯಾಪ್ಟನ್ ಆಗಿದ್ದರೆ ಯಾವಾಗಲೋ ತಿರುಗಿಸಿ, ನನಗೆ ಬಾಲ ತೋರಿಸುತ್ತಿದ್ದ. ಈ ಗೇಮ್ ಹಡಗಿನ ಗನ್ನರ್‌ಗಳ ಮಾತಂತೂ ಬೇಡ. ಹೊಗೆ ಕಣ್ಣಿಗೆ ಹೋಗಲ್ಲ, ಕೈ ನಡುಗಲ್ಲ, ಎಲ್ಲ ಗುಂಡೂ ನನಗೇ.

50 ಅಡಿ. 105 ನಾಟ್. ಬಿಟ್ಟೆ. ಒಡೆಯಲಿಲ್ಲ! ಬಿಳಿ ಗೆರೆ ನೋಡಿ, ಓಡುತ್ತಿದೆ, ಓಡುತ್ತಿದೆ... ಬಡಿಯಿತು.

ಸಿಡಿಯಲಿಲ್ಲ.

ಆ ಕಾಲದ ಟಾರ್ಪಿಡೋಗಳು ಹೀಗೂ ಕೈಕೊಡುತ್ತಿದ್ದವು. ಅಂದರೆ ಇದೂ ನೈಜವೇ? ಬೈಯಲಾ, ಹೊಗಳಲಾ... ರೆಕ್ಕೆಗೆ ಬೆಂಕಿ, ತಡೀರಿ, ತಡೀರಿ—