ಕಂಪ್ಯೂಟರಿಗೊಂದು ಹಗೇವು

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಜಾಗ ತುಂಬಿಹೋದಾಗ ಅದಕ್ಕೆ ಹೊರಗಿನಿಂದ ಒಂದು ಹಾರ್ಡ್‌ಡಿಸ್ಕ್ ಜೋಡಿಸಿಕೊಳ್ಳುವ ವಿಚಾರವಾಗಿ ಇಂದು ಮಾತನಾಡಲಿದ್ದೇನೆ. ಅಂಗಡಿಯಿಂದ ತಂದು, ಕೇಬಲ್ ಸಿಕ್ಕಿಸಿ, ಫೈಲುಗಳನ್ನು ಎಳೆದು ಹಾಕಿದರೆ ಮುಗಿಯಿತು ಎನ್ನುವಷ್ಟು ಸಲೀಸಾಗಿ ಕಾಣುವ ಕೆಲಸವಿದು. ತುಮಕೂರಿನ ನಮ್ಮ ಮನೆಯಲ್ಲಿ ನಾನೂ ಹಾಗೆಯೇ ತಿಳಿದು ಕೈಹಾಕಿದೆ. ಒಂದೇ ದಿನದಲ್ಲಿ ಮೂರು ತಪ್ಪು ಮಾಡಿದೆ; ಅವುಗಳಲ್ಲಿ ಎರಡು ಚಿಕ್ಕವು, ಒಂದು ದೊಡ್ಡದು.

ನಮ್ಮದು ಹಳೆಯ ಡೆಸ್ಕ್‌ಟಾಪ್. ಮಾನಿಟರಿನ ಪಕ್ಕ ನಿಂತಿರುವ ತಗಡಿನ ಪೆಟ್ಟಿಗೆಯನ್ನು ಎಲ್ಲರಂತೆ ನಾವೂ ಸಿಪಿಯು ಎಂದೇ ಕರೆಯುತ್ತೇವೆ. ನಿಜವಾದ ಸಿಪಿಯು ಅದರೊಳಗೆ ಫ್ಯಾನಿನ ಅಡಿ ಕುಳಿತ ಒಂದು ಚಿಪ್ ಮಾತ್ರ, ಆದರೂ ರೂಢಿಯ ಮಾತನ್ನು ಬಿಡಲು ನನಗೆ ಮನಸ್ಸಿಲ್ಲ. ತಂಗಿಯ ಮದುವೆಯ ವಿಡಿಯೊ, ಸಿದ್ಧಗಂಗೆ ಜಾತ್ರೆಯ ಫೋಟೊಗಳು, ಊರಿನ ಜಮೀನಿನ ಹಳೆಯ ಪಹಣಿಗಳನ್ನು ಸ್ಕ್ಯಾನ್ ಮಾಡಿಟ್ಟ ಪ್ರತಿಗಳು, ಇವೆಲ್ಲ ಸೇರಿ ಸುಮಾರು 200 ಜಿಬಿಯಾಗಿ, ಪರದೆಯ ಮೇಲೆ ಡ್ರೈವಿನ ನೀಲಿ ಗೆರೆ ಕೆಂಪಿಗೆ ತಿರುಗಿದ ದಿನ ನಾನು 2 ಟಿಬಿಯ ಒಂದು ಪೋರ್ಟಬಲ್ ಹಾರ್ಡ್‌ಡಿಸ್ಕ್ ತಂದೆ. ಬಗ್ಗಿ ಹಿಂದೆ ನೋಡುವ ಸೋಮಾರಿತನಕ್ಕೆ ಸಿಪಿಯುವಿನ ಮುಂದಿನ ಯುಎಸ್‌ಬಿ ಪೋರ್ಟಿಗೆ ಅದನ್ನು ಸಿಕ್ಕಿಸಿದೆ. ದೀಪ ಮಿನುಗಿತು, ಡಿಸ್ಕಿನ ಒಳಗೆ ಏನೋ ತಿರುಗಲು ಹೊರಟು, ಟಿಕ್ ಎಂದು ನಿಂತಿತು, ಮತ್ತೆ ಹೊರಟಿತು, ಮತ್ತೆ ಟಿಕ್ ಎಂದಿತು. ಪರದೆಯ ಮೇಲೆ ಡ್ರೈವ್ ಕ್ಷಣಕಾಲ ಕಾಣಿಸಿಕೊಂಡು ಮಾಯವಾಯಿತು. ಹಾಳಾದ ಮಾಲನ್ನು ಕೊಟ್ಟಿದ್ದಾರೆಂದು ಅಂಗಡಿಯವರ ಮೇಲೆ ಸಿಟ್ಟು ಮಾಡಿಕೊಂಡು ನಾನು ಬಿಲ್ಲು ಹುಡುಕುತ್ತಿದ್ದಾಗ, ಇಂಜಿನಿಯರಿಂಗ್ ಓದುವ ಪಕ್ಕದ ಮನೆಯ ಹುಡುಗ ಬಂದು, "ಅದನ್ನ ಹಿಂದ್ಗಡೆ ಹಾಕಿ ನೋಡಿ ಸಾರ್" ಎಂದ. ಹಿಂದಕ್ಕೆ ಹಾಕಿದೊಡನೆ ಡಿಸ್ಕ್ ಸದ್ದಿಲ್ಲದೆ ತಿರುಗತೊಡಗಿತು.

ಕಾರಣ ಸರಳವಾದದ್ದು. ಎರಡೂವರೆ ಇಂಚಿನ ಪೋರ್ಟಬಲ್ ಡಿಸ್ಕಿಗೆ ಬೇರೆ ವಿದ್ಯುತ್ ಸಂಪರ್ಕವಿಲ್ಲ. ಅದು ತನಗೆ ಬೇಕಾದ ಕರೆಂಟನ್ನು ಯುಎಸ್‌ಬಿ ಕೇಬಲಿನಿಂದಲೇ ಎಳೆದುಕೊಳ್ಳಬೇಕು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಪೋರ್ಟ್ ಕೊಡಬೇಕಾದದ್ದು 900. ಮಾಹಿತಿ ಬರೆದಿಡುವ, ಡಿಸ್ಕಿನೊಳಗೆ ನಿಂತಿರುವ ತಟ್ಟೆ ತಿರುಗಲಾರಂಭಿಸುವ ಮೊದಲ ಕೆಲವು ಕ್ಷಣಗಳಲ್ಲಿ, ನಿಂತ ಎತ್ತಿನಗಾಡಿ ಹೊರಡುವಾಗ ಎತ್ತುಗಳು ಹೆಚ್ಚು ಜಗ್ಗುವ ಹಾಗೆ, ಡಿಸ್ಕಿಗೆ ಹೆಚ್ಚು ಕರೆಂಟು ಬೇಕಾಗುತ್ತದೆ. ಹಿಂಭಾಗದ ಪೋರ್ಟುಗಳು ಪೆಟ್ಟಿಗೆಯೊಳಗಿನ ಮುಖ್ಯ ಫಲಕವಾದ ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತವೆ. ಮುಂಭಾಗದವಕ್ಕೆ ಒಳಗಿನಿಂದ ಒಂದು ಸಣ್ಣ ಕೇಬಲ್ ಬಂದಿರುತ್ತದೆ, ಹಳೆಯ ಪೆಟ್ಟಿಗೆಗಳಲ್ಲಿ ಅದು ಸಡಿಲಾಗಿಯೋ ತೀರ ಸಣಕಲಾಗಿಯೋ ಇದ್ದು ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ. ಆದ್ದರಿಂದ ಟಿಕ್ ಟಿಕ್ ಸದ್ದು ಕೇಳಿದೊಡನೆ ಡಿಸ್ಕನ್ನು ಬೈಯುವ ಮೊದಲು ಪೋರ್ಟನ್ನೂ ಕೇಬಲನ್ನೂ ಬದಲಿಸಿ ನೋಡಬೇಕು. ಹಿಂಭಾಗದ ಪೋರ್ಟಿನಲ್ಲಿ, ಬೇರೆ ಕೇಬಲಿನಲ್ಲಿ ಕೂಡ ಅದೇ ಸದ್ದು ಬಂದರೆ ಮಾತ್ರ ಡಿಸ್ಕ್ ಕೆಟ್ಟಿದೆಯೆಂದು ಅನುಮಾನಿಸಬಹುದು.

ಎರಡನೆಯ ತಪ್ಪು ಬಣ್ಣಕ್ಕೆ ಸಂಬಂಧಿಸಿದ್ದು. ಹಿಂಭಾಗದಲ್ಲಿ ಆರು ಪೋರ್ಟುಗಳಿದ್ದವು: ನಾಲ್ಕರ ಒಳಗಿನ ಪಟ್ಟಿ ಕಪ್ಪು, ಎರಡರದು ನೀಲಿ. ನಾವು ಹಾಕಿದ್ದು ಕಪ್ಪಿಗೆ. ಕಪ್ಪು ಎಂದರೆ ಸಾಮಾನ್ಯವಾಗಿ 2000ನೇ ಇಸವಿಯಲ್ಲಿ ಬಂದ ಯುಎಸ್‌ಬಿ 2.0, ನೀಲಿ ಎಂದರೆ 2008ರಲ್ಲಿ ಬಂದ 3.0. ಮೊದಲನೆಯದರ ವೇಗ ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ ಎಂಟರಿಂದ ಭಾಗಿಸಿದರೆ 60 ಮೆಗಾಬೈಟ್. ಕೈಗೆ ಸಿಗುವುದು 30ರಿಂದ 40 ಅಷ್ಟೇ. ಆ ಲೆಕ್ಕದಲ್ಲಿ ನನ್ನ 200 ಜಿಬಿಗೆ ಒಂದೂವರೆ ಗಂಟೆ ಬೇಕು. ನೀಲಿ ಪೋರ್ಟಿನಲ್ಲಿ ಡಿಸ್ಕ್ ತನ್ನ ಪೂರ್ಣ ವೇಗವಾದ ಸುಮಾರು 100 ಮೆಗಾಬೈಟಿನಲ್ಲಿ ಓಡಿದ್ದರೆ ಅದು ಅರ್ಧ ಗಂಟೆಯ ಕೆಲಸ. ಸಾವಿರಾರು ಸಣ್ಣ ಫೋಟೊಗಳಿದ್ದರೆ ಎರಡರಲ್ಲೂ ಇನ್ನಷ್ಟು ತಡವಾಗುತ್ತದೆ.

ಇಲ್ಲಿ ಒಂದೆರಡು ಸಣ್ಣ ಸಂಗತಿಗಳನ್ನು ಹೇಳಿ ಮುಂದೆ ಹೋಗುತ್ತೇನೆ. 2 ಟಿಬಿಯ ಡಿಸ್ಕ್ ವಿಂಡೋಸಿನಲ್ಲಿ 1.81 ಎಂದು ತೋರಿಸಿದರೆ ಯಾರೂ ತೂಕದಲ್ಲಿ ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಆದರೆ ಕೆಲವೇ ನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಎಂದು ಮಾರುವುದು ನಿಜಕ್ಕೂ ಮೋಸವೇ: ಒಳಗೆ 32 ಜಿಬಿಯಷ್ಟು ಜಾಗವಿದ್ದು, ಅದು ತುಂಬಿದ ಮೇಲೆ ಹಾಕಿದ ಫೈಲುಗಳು ಹೆಸರಿಗೆ ಮಾತ್ರ ಇರುತ್ತವೆ. ಫಾರ್ಮ್ಯಾಟ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿಯ ವಿಚಾರದಲ್ಲಿ, ಫ್ಯಾಟ್32 ಇದ್ದರೆ 4 ಜಿಬಿ ಮೀರಿದ ಒಂದು ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್ ಒಳ್ಳೆಯದು, ಮ್ಯಾಕ್ ಬಳಸುವವರೊಂದಿಗೂ ಕೊಡುಕೊಳ್ಳುವಿಕೆ ಇದ್ದರೆ ಎಕ್ಸ್‌ಫ್ಯಾಟ್ ವಾಸಿ. ಮೂಲೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಬಿದ್ದಿದ್ದರೆ, ಅದರ ಸಾಟಾ ಎಂಬ ಬಗೆಯ ಜೋಡಣೆಯ ಹಾರ್ಡ್‌ಡಿಸ್ಕನ್ನು ಬಿಚ್ಚಿ ಕೆಲವು ನೂರು ರೂಪಾಯಿಯ ಕೇಸಿಂಗಿಗೆ ಹಾಕಿದರೆ ಅದೇ ಹೊರಗಿನ ಡಿಸ್ಕ್ ಆಗುತ್ತದೆ. ಹೊಸದು ಕೊಳ್ಳುವ ಮೊದಲು ನಾನು ಅದನ್ನು ಯೋಚಿಸಬೇಕಿತ್ತು.

ಹಾರ್ಡ್‌ಡಿಸ್ಕ್ ಎಂಬುದು ಎಷ್ಟು ನಾಜೂಕಿನ ವಸ್ತು ಎಂಬುದನ್ನು ನಾವು ಮರೆಯುತ್ತೇವೆ. 1956ರಲ್ಲಿ ಐಬಿಎಂ ಸಂಸ್ಥೆ ಮಾರುಕಟ್ಟೆಗೆ ತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದು, ಅವೆಲ್ಲ ಸೇರಿ ಹಿಡಿಯುತ್ತಿದ್ದದ್ದು ಸುಮಾರು 5 ಎಂಬಿ, ಅಂದರೆ ಇಂದಿನ ಮೊಬೈಲಿನ ಒಂದು ಫೋಟೊದಷ್ಟು. ಇಂದು ಅಂಗೈಯಗಲದ ಡಬ್ಬಿಯಲ್ಲಿ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ, ಧೂಳಿನ ಕಣಕ್ಕಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ, ಓದುವ ಮುಳ್ಳು ತೇಲುತ್ತಿರುತ್ತದೆ. ಆದ್ದರಿಂದ ಅದನ್ನು ಸಿಪಿಯುವಿನ ನೆತ್ತಿಯ ಮೇಲೆ ಇಡಬಾರದು, ಕೇಬಲ್ ಯಾರ ಕಾಲಿಗೂ ತೊಡರುವಂತಿರಬಾರದು; ಮೇಜಿನ ಮೇಲೆ, ಗೋಡೆಯ ಪಕ್ಕ, ಚಪ್ಪಟೆಯಾಗಿ ಮಲಗಿಸಬೇಕು. ಲ್ಯಾಪ್‌ಟಾಪಿನಂತೆ ಡೆಸ್ಕ್‌ಟಾಪಿಗೆ ಬ್ಯಾಟರಿ ಇಲ್ಲ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮೊದಲ ಗಾಳಿಗೇ ಕರೆಂಟು ಹೋಗುವುದು ಎಲ್ಲರಿಗೂ ಗೊತ್ತು. ಯುಪಿಎಸ್ ಇಲ್ಲದೆ ಹೊರಗಿನ ಡಿಸ್ಕಿಗೆ ಕಾಪಿ ಮಾಡಲು ಕೂರುವುದನ್ನು ನಾನಂತೂ ಒಪ್ಪುವುದಿಲ್ಲ. ಮೂರೂವರೆ ಇಂಚಿನ ದೊಡ್ಡ ಡಿಸ್ಕ್ ಕೊಂಡವರು ಅದರ 12 ವೋಲ್ಟಿನ ಅಡಾಪ್ಟರನ್ನೂ ಯುಪಿಎಸ್‌ಗೇ ಹಾಕಬೇಕು. ಅದನ್ನು ಗೋಡೆಯ ಪ್ಲಗ್ಗಿಗೆ ಹಾಕಿಟ್ಟರೆ, ಕಂಪ್ಯೂಟರ್ ಬದುಕಿದ್ದರೂ ಬರೆಯುತ್ತಿದ್ದ ಡಿಸ್ಕ್ ನಡುವೆಯೇ ನಿಲ್ಲುತ್ತದೆ.

ಇನ್ನು ದೊಡ್ಡ ತಪ್ಪು. ಅಷ್ಟೂ ಫೈಲುಗಳನ್ನು ಹೊಸ ಡಿಸ್ಕಿಗೆ ಹಾಕಿ, ಕಂಪ್ಯೂಟರಿನಲ್ಲಿದ್ದವನ್ನು ಅಳಿಸಿ, ಎಲ್ಲವೂ ಭದ್ರವಾಯಿತೆಂದು ನಾನು ನೆಮ್ಮದಿಯಾಗಿ ಮಲಗಿದೆ. ಒಂದು ಕಡೆ ಇದ್ದ ಒಂದೇ ಪ್ರತಿ ಇನ್ನೊಂದು ಕಡೆ ಹೋಗಿ ಅಲ್ಲೂ ಒಂದೇ ಪ್ರತಿಯಾಗಿ ಉಳಿದಿತ್ತು, ಅಷ್ಟೇ. ಜಾಗ ಮಾಡಿಕೊಳ್ಳುವುದು ಬೇರೆ, ಕಾಪಾಡಿಟ್ಟುಕೊಳ್ಳುವುದು ಬೇರೆ ಎಂಬುದು ನನಗೆ ಹೊಳೆದದ್ದು ಶಿರಾ ಕಡೆಯ ನನ್ನ ಅಜ್ಜನ ಮನೆಯ ನೆನಪಿನಿಂದ. ಅಲ್ಲಿ ದಿನದ ರೊಟ್ಟಿಮುದ್ದೆಗೆ ಬೇಕಾದ ರಾಗಿ ನಡುಮನೆಯ ಮಣ್ಣಿನ ವಾಡೆಯಲ್ಲಿರುತ್ತಿತ್ತು. ಬರಗಾಲಕ್ಕೆಂದು ಇಟ್ಟ ರಾಗಿ ನೆಲದಡಿಯ ಹಗೇವಿನಲ್ಲಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಸಿಕೊಂಡು ವರ್ಷಗಟ್ಟಲೆ ಕೆಡದೆ ಕುಳಿತಿರುತ್ತಿತ್ತು. ವಾಡೆಗೆ ಇಲಿ ಬಂದರೂ ಹಗೇವಿಗೆ ಬರುತ್ತಿರಲಿಲ್ಲ.

ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುವ ಡಿಸ್ಕ್ ಎಷ್ಟು ದೊಡ್ಡದಾದರೂ ವಾಡೆಯೇ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಲೋಕದಾದ್ಯಂತ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದಾಗ, ಅಂಥ ಯಂತ್ರಗಳಿಗೆ ಸಿಕ್ಕಿಸಿಟ್ಟಿದ್ದ ಹೊರಗಿನ ಡಿಸ್ಕುಗಳೂ ಸುರಕ್ಷಿತವಾಗಿರಲಿಲ್ಲ. ಬಿಚ್ಚಿ ಬೀರುವಿನಲ್ಲಿಟ್ಟಿದ್ದವು ಉಳಿದವು. ಬರೀ ಜಾಗ ಬೇಕಾದವರಿಗೆ, ಸಿಪಿಯುವಿನೊಳಗೆ ಖಾಲಿ ಸ್ಥಳವಿದ್ದರೆ, ಎರಡನೆಯ ಡಿಸ್ಕನ್ನು ಒಳಗೇ ಕೂರಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಅಚ್ಚುಕಟ್ಟು. ಹೊರಗಿನ ಡಿಸ್ಕಿನ ನಿಜವಾದ ಬೆಲೆ ಅದನ್ನು ಬಿಚ್ಚಿ ಎತ್ತಿಡಬಹುದು ಎಂಬುದರಲ್ಲಿದೆ. ಹಾಗೆ ಎತ್ತಿಡಲು, ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಗಿಂತ ತಟ್ಟೆಯ ಹಾರ್ಡ್‌ಡಿಸ್ಕ್ ಸಾಕು ಮತ್ತು ಮೇಲು. ಎಸ್‌ಎಸ್‌ಡಿ ಬಲು ವೇಗದ್ದಾದರೂ, ವರ್ಷಗಟ್ಟಲೆ ಕರೆಂಟು ಕಾಣದೆ ಇದ್ದರೆ ಒಳಗಿನ ವಿದ್ಯುದಂಶ ಸೋರಿ ಮಾಹಿತಿ ಕೆಡುವ ಸಂಭವವಿದೆ. ಬಿಚ್ಚುವಾಗ ಕೂಡ, ಡಿಸ್ಕನ್ನು ಸುರಕ್ಷಿತವಾಗಿ ತೆಗೆಯಲೆಂದು ಪರದೆಯ ಮೂಲೆಯಲ್ಲಿರುವ ಗುರುತನ್ನು ಒತ್ತಿ, ತೆಗೆಯಬಹುದು ಎಂಬ ಸೂಚನೆ ಬಂದ ಮೇಲೆಯೇ ಕೇಬಲಿಗೆ ಕೈಹಾಕಬೇಕು. ಬರೆದಾಯಿತೆಂದು ನಮಗೆ ಕಂಡದ್ದು ಇನ್ನೂ ಕಂಪ್ಯೂಟರಿನ ಮೆಮೊರಿಯಲ್ಲೇ ಕಾಯುತ್ತಿರಬಹುದು.

ಹಗೇವನ್ನು ತೆಗೆದಾಗ ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಎತ್ತಿಟ್ಟ ಡಿಸ್ಕನ್ನೂ ಆರು ತಿಂಗಳಿಗೊಮ್ಮೆ ಹಾಗೆ ಪರೀಕ್ಷಿಸುವುದು ಅಗತ್ಯ: ಫೋಲ್ಡರಿನ ಹೆಸರುಗಳನ್ನು ನೋಡಿ ತೃಪ್ತಿಪಡದೆ, ನಾಲ್ಕಾರು ಫೋಟೊ ತೆರೆದು, ಒಂದು ವಿಡಿಯೊವನ್ನು ನಡುವಿನಿಂದ ಓಡಿಸಿ ನೋಡಬೇಕು.

ಈಗ ನಮ್ಮಲ್ಲಿ ಎರಡು ಡಿಸ್ಕುಗಳಿವೆ. ಒಂದು ನೀಲಿ ಪೋರ್ಟಿನಲ್ಲಿ ದಿನಬಳಕೆಗೆ; ಇನ್ನೊಂದು ತಿಪಟೂರಿನಲ್ಲಿ, ತಂಗಿಯ ಮನೆಯ ಬೀರುವಿನಲ್ಲಿ. ಯುಗಾದಿಗೂ ದೀಪಾವಳಿಗೂ ಅವಳು ಬರುವಾಗ ಡಿಸ್ಕ್ ತರುತ್ತಾಳೆ, ನಾನು ಹೊಸ ಫೈಲುಗಳನ್ನು ಸೇರಿಸಿ ಮರಳಿ ಕೊಡುತ್ತೇನೆ. ಕಳೆದ ಯುಗಾದಿಗೆ ಡಿಸ್ಕ್ ತಂದಳು, ಕೇಬಲ್ ಮರೆತು ಬಂದಳು. "ಮನೇಲಿ ಇಷ್ಟೊಂದು ಚಾರ್ಜರ್ ವೈರ್ ಐತಲ್ಲಣ್ಣ" ಎಂದಳು. ಆದರೆ ಅದರ ತುದಿ ಮೊಬೈಲಿನದರಂತಲ್ಲ, ಎರಡು ಭಾಗವಾಗಿ ಅಗಲಕ್ಕಿರುವ ಬೇರೆಯೇ ಜಾತಿ. ಹಬ್ಬದ ದಿನ ಅದನ್ನು ಮಾರುವ ಅಂಗಡಿಯೊಂದೂ ತೆರೆದಿರಲಿಲ್ಲ. ಅಂದಿನಿಂದ ಕೇಬಲನ್ನು ಡಿಸ್ಕಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಕಳುಹಿಸುತ್ತಿದ್ದೇನೆ. ನಮಸ್ಕಾರ.